ವೆನಿಸ್‌ಗೆ ಹೋಗುವ ಮುಂಚೆ ವೆನಿಸ್‌ನ ಚಿತ್ರಗಳನ್ನು ನೋಡಿ

ವೆನಿಸ್‌ಗೆ ಹೋಗ್ತಿದ್ದೀವಿ, ಏನು ನೋಡಬೇಕು ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ ಮಾತು. ಊರು ಸುತ್ತುವ ಮೊದಲು ಆ ಊರಿನ ಚಿತ್ರಗಳನ್ನು ನೋಡಿ. 500 ವರ್ಷಕ್ಕೂ ಜಾಸ್ತಿ ಕಾಲದಿಂದ ಪೇಂಟರ್‌ಗಳು ಈ ಕಾಲುವೆಗಳ ಊರನ್ನು ಬಿಡಿಸುತ್ತಲೇ ಇದ್ದಾರೆ. ಎಲ್ಲಿ ನಿಂತರೆ ಏನು ಕಾಣುತ್ತದೆ, ಯಾವ ಹೊತ್ತಿಗೆ ನೀರು ಯಾವ ಬಣ್ಣಕ್ಕೆ ತಿರುಗುತ್ತದೆ ಅನ್ನುವುದನ್ನು ಅವರಿಗಿಂತ ಚೆನ್ನಾಗಿ ತಿಳಿದವರು ಯಾರಿದ್ದಾರೆ? ನಾವು ಬೆಳಿಗ್ಗೆ ಮ್ಯೂಸಿಯಂ ನೋಡಿ, ಮಧ್ಯಾಹ್ನದ ಮೇಲೆ ಆ ಚಿತ್ರದ ಜಾಗ ಹುಡುಕಿಕೊಂಡು ನಡೆದೆವು. ಸಂತ ಮಾರ್ಕನ ಚೌಕದಲ್ಲಿ ಸೆಲ್ಫಿ ತೆಗೆದುಕೊಂಡು, ಗೊಂಡೊಲಾ ಹತ್ತಿ ಇಳಿದು, ಸಂಜೆ ರೈಲಿಗೆ ಓಡುವ ಪ್ಯಾಕೇಜ್ ಟೂರಿನವರಿಗೆ ಈ ಊರು ಕಾಣುವುದೇ ಇಲ್ಲ ಅಂತ ನನಗೆ ನಿಜವಾಗಿಯೂ ಬೇಜಾರಾಗುತ್ತದೆ.

ಹೋಗಿ ಬರುವ ವಿಷಯ ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನಿಂದ ನೇರ ವಿಮಾನ ಇಲ್ಲ, ಗಲ್ಫ್‌ನಲ್ಲೋ ಯುರೋಪಿನ ಇನ್ನೊಂದು ಊರಿನಲ್ಲೋ ಬದಲಿಸಬೇಕು. ಇಟಲಿಗೆ ಬೇಕಾದ ಷೆಂಗೆನ್ ವೀಸಾಕ್ಕೆ ದೊಡ್ಡವರಿಗೆ 90 ಯೂರೊ, ಸರ್ವಿಸ್ ಚಾರ್ಜ್ ಬೇರೆ. ಆರು ತಿಂಗಳ ಮುಂಚೆಯೇ ಅರ್ಜಿ ಹಾಕಬಹುದು, ರಜೆ ಸಮಯದಲ್ಲಿ ಹೋಗುವವರು ಆದಷ್ಟು ಬೇಗ ಹಾಕಿ. ವೆನಿಸ್ ಏರ್‌ಪೋರ್ಟಿನಿಂದ ಪಿಯಾಜಾಲೆ ರೋಮಾ ತನಕ ಬಸ್ ಬರುತ್ತದೆ. ಅಲ್ಲಿಗೆ ಚಕ್ರದ ಗಾಡಿಗಳ ಕತೆ ಮುಗಿಯಿತು, ಮುಂದೆಲ್ಲ ದೋಣಿ ಇಲ್ಲವೇ ಕಾಲು. ದ್ವೀಪದಿಂದ ದ್ವೀಪಕ್ಕೆ 400ಕ್ಕೂ ಹೆಚ್ಚು ಸೇತುವೆಗಳಿವೆ, ಬಹಳಷ್ಟಕ್ಕೆ ಮೆಟ್ಟಿಲು. ಹಾಗಾಗಿ ದೊಡ್ಡ ಸೂಟ್‌ಕೇಸ್ ಬೇಡ.

ಉಳಿಯಲು ಮೆಸ್ತ್ರೆ ಅಗ್ಗ. ಅದು ಈಚೆ ದಡದ ಊರು, ರೈಲಿನಲ್ಲಿ ಹತ್ತು ಹನ್ನೆರಡು ನಿಮಿಷದ ದಾರಿ. ಆದರೆ ಚಿತ್ರಗಳ ಆಸೆಯಿಂದ ಹೋಗುವವರು ಒಂದೆರಡು ರಾತ್ರಿಯಾದರೂ ಕಾಲುವೆಗಳ ನಡುವೆಯೇ ಉಳಿಯಿರಿ. ಪೇಂಟರ್‌ಗಳ ಬೆಳಕು ಇರುವುದು ಬೆಳಿಗ್ಗೆ ಬೇಗ ಮತ್ತು ಸಂಜೆ ತಡವಾಗಿ, ಜನಜಂಗುಳಿ ಇಲ್ಲದ ಹೊತ್ತಿನಲ್ಲಿ. 2024ರಿಂದ ವರ್ಷದ ಕೆಲವು ಗೊತ್ತಾದ ದಿನಗಳಲ್ಲಿ, ಒಂದೇ ದಿನಕ್ಕೆ ಬಂದು ಹೋಗುವವರು ಪ್ರವೇಶ ಶುಲ್ಕ ಕಟ್ಟಬೇಕು. ಅಲ್ಲೇ ಉಳಿಯುವವರಿಗೆ ಶುಲ್ಕ ಇಲ್ಲ, ಮೆಸ್ತ್ರೆಯೂ ಅದೇ ನಗರಸಭೆಗೆ ಸೇರಿದ್ದರಿಂದ ಅಲ್ಲಿ ಉಳಿದವರಿಗೂ ಇಲ್ಲ. ಆದರೂ ಆ ದಿನಗಳಲ್ಲಿ ವಿನಾಯಿತಿಯನ್ನು ಆನ್‌ಲೈನ್‌ನಲ್ಲಿ ದಾಖಲು ಮಾಡಿ ಕ್ಯೂಆರ್ ಕೋಡ್ ಇಟ್ಟುಕೊಳ್ಳಿ.

ವಾಪೊರೆಟ್ಟೊ ಅಂದರೆ ಅಲ್ಲಿನ ಸಿಟಿ ಬಸ್, ನೀರಿನ ಮೇಲೆ ಹೋಗುತ್ತದೆ ಅಷ್ಟೇ. ಒಂದು ಸಲದ ಟಿಕೆಟ್ 9.50 ಯೂರೊ, 75 ನಿಮಿಷ ನಡೆಯುತ್ತದೆ. ಒಂದು ದಿನದ್ದು 25, ಎರಡು ದಿನದ್ದು 35, ಮೂರು ದಿನದ್ದು 45. ದರ ಆಗಾಗ ಏರುತ್ತದೆ, ಹೊರಡುವ ಮುಂಚೆ ಒಮ್ಮೆ ನೋಡಿಕೊಳ್ಳಿ. ದಿನಕ್ಕೆ ಮೂರು ಸಲ ಹತ್ತುವುದಾದರೆ ಪಾಸ್ ತೆಗೆದುಕೊಳ್ಳುವುದೇ ಲಾಭ. ನಂಬರ್ 1 ದೋಣಿ ದೊಡ್ಡ ಕಾಲುವೆಯ ಉದ್ದಕ್ಕೂ ನಿಧಾನವಾಗಿ, ಹೆಚ್ಚು ಕಡಿಮೆ ಎಲ್ಲ ಸ್ಟಾಪಿನಲ್ಲೂ ನಿಲ್ಲುತ್ತಾ ಹೋಗುತ್ತದೆ. ಮುಂಭಾಗದಲ್ಲಿ ಹೊರಗೆ ಕೂರುವ ಸೀಟು ಸಿಕ್ಕರೆ ಬಿಡಬೇಡಿ. ಅಮೆರಿಕದ ಪೇಂಟರ್ ಸಾರ್ಜೆಂಟ್ ಗೊಂಡೊಲಾದಲ್ಲೇ ಕೂತು ಜಲವರ್ಣದಲ್ಲಿ ಎಷ್ಟೋ ಚಿತ್ರ ಮಾಡಿದ. ಅದಕ್ಕೇ ಅವನ ಅರಮನೆಗಳ ಬುಡ ದೊಡ್ಡದಾಗಿ ಕಾಣುತ್ತದೆ, ತುದಿ ಕಾಗದದ ಅಂಚಿನಲ್ಲಿ ಕತ್ತರಿಸಿ ಹೋಗಿರುತ್ತದೆ. ದೋಣಿಯಲ್ಲಿ ಕೂತಾಗ ನಮ್ಮ ಕಣ್ಣಿಗೂ ಹಾಗೇ ಕಾಣುತ್ತದೆ.

ಈಗ ಚಿತ್ರಗಳು. ಅಕಾಡೆಮಿಯಾ ಗ್ಯಾಲರಿಯಿಂದಲೇ ಶುರು ಮಾಡಿ. ಸೋಮವಾರ ಮಧ್ಯಾಹ್ನಕ್ಕೇ ಬಾಗಿಲು ಹಾಕುತ್ತಾರೆ, ಉಳಿದ ದಿನ ಸಂಜೆವರೆಗೆ ತೆರೆದಿರುತ್ತದೆ. ಬೆನ್ನ ಚೀಲ ಒಳಗೆ ಬಿಡುವುದಿಲ್ಲ, ಲಾಕರಿನಲ್ಲಿ ಇಡಬೇಕು. ಬಹಳ ಜನ ಜೊರ್ಜೊನೆಯ ಬಿರುಗಾಳಿಯ ಚಿತ್ರ ನೋಡಿ, ವೆರೊನೇಸೆಯ ಹನ್ನೆರಡು ಮೀಟರ್ ದಾಟುವ ಔತಣದ ಚಿತ್ರದ ಮುಂದೆ ಫೋಟೊ ತೆಗೆದುಕೊಂಡು ಹೊರಟುಬಿಡುತ್ತಾರೆ. ನೀವು ಪವಿತ್ರ ಶಿಲುಬೆಯ ಪವಾಡಗಳ ಕೋಣೆ ಎಲ್ಲಿದೆ ಅಂತ ಕೇಳಿ, ಅಲ್ಲಿಗೆ ಸೀದಾ ಹೋಗಿ. 1490ರ ದಶಕದಿಂದ ಶುರುವಾಗಿ ಕೆಲವು ವರ್ಷಗಳಲ್ಲಿ ಒಂದು ಧಾರ್ಮಿಕ ಸಂಘ ತನ್ನ ಸಭಾಂಗಣಕ್ಕೆಂದು ಬೇರೆ ಬೇರೆ ಪೇಂಟರ್‌ಗಳಿಂದ ಮಾಡಿಸಿದ ಚಿತ್ರಗಳು ಇವು. ನೆಪೋಲಿಯನ್ ಕಾಲದಲ್ಲಿ ಇಂಥ ಸಂಘಗಳನ್ನು ಮುಚ್ಚಿಸಿದಾಗ ಇವು ಗ್ಯಾಲರಿಗೆ ಬಂದವು. ಹೆಸರಿಗೆ ಪವಾಡ. ನೋಡಿದರೆ ತುಂಬಿರುವುದು ಊರು.

ಕಾರ್ಪಾಚೊ ಬಿಡಿಸಿದ ರಿಯಾಲ್ಟೊ ಸೇತುವೆಯ ಚಿತ್ರದ ಮುಂದೆ ಕನಿಷ್ಠ ಇಪ್ಪತ್ತು ನಿಮಿಷ ನಿಲ್ಲಿ. ನಾವು ಇವತ್ತು ನೋಡುವ ಕಲ್ಲಿನ ಸೇತುವೆ ಕಟ್ಟಿದ್ದು 1588ರಿಂದ 1591ರಲ್ಲಿ. ಇವನು ಬಿಡಿಸಿದ್ದು ಅದಕ್ಕೂ ನೂರು ವರ್ಷ ಹಿಂದಿನ ಮರದ ಸೇತುವೆ, ಪಟ ಇರುವ ದೋಣಿ ದಾಟಲಿ ಅಂತ ನಡುವೆ ಎತ್ತಿ ತೆಗೆಯುವ ಹಲಗೆ ಇದ್ದದ್ದು. ಪವಾಡ ಎಲ್ಲಿ ಅಂತ ಹುಡುಕಬೇಕು. ಎಡ ಮೂಲೆಯಲ್ಲಿ ಮೇಲಿನ ಕಂಬಸಾಲಿನಲ್ಲಿ ದೆವ್ವ ಹಿಡಿದವನೊಬ್ಬ ಗುಣವಾಗುತ್ತಿದ್ದಾನೆ, ಕೆಳಗೆ ಕಾಲುವೆಯಲ್ಲಿ ಯಾರಿಗೂ ಅದರ ಪರಿವೆಯೇ ಇಲ್ಲ. ಅಂಬಿಗರು ಬಣ್ಣಬಣ್ಣದ ಬಿಗಿ ಚಲ್ಲಣ ಹಾಕಿಕೊಂಡು ಹುಟ್ಟು ಹಾಕುತ್ತಿದ್ದಾರೆ, ಅವರಲ್ಲೊಬ್ಬ ಕಪ್ಪು ಮೈಬಣ್ಣದ ಆಫ್ರಿಕದ ಮೂಲದವನು. ಒಂದು ಗೊಂಡೊಲಾದಲ್ಲಿ ಪುಟ್ಟ ಬಿಳಿ ನಾಯಿ ಕೂತಿದೆ. ಮೇಲೆ ಬಾಯಿ ಅಗಲವಾದ ಹೊಗೆಗೂಡುಗಳು ಸಾಲಾಗಿ, ಮಾಳಿಗೆಯ ಮೇಲೆ ಗಳಗಳಿಗೆ ಹಾಕಿದ ಬಟ್ಟೆ. ನನ್ನ ಜೊತೆ ಬಂದಿದ್ದ ನಮ್ಮ ಅತ್ತೆ ಮೊದಲು ಕಂಡದ್ದೇ ಈ ಬಟ್ಟೆಗಳನ್ನು. ಕಂಡವರು ಆಮೇಲೆ ಪ್ರತಿ ಚಿತ್ರದಲ್ಲೂ ಬಟ್ಟೆ ಎಲ್ಲಿ ಒಣಗುತ್ತಿದೆ ಅಂತ ಹುಡುಕುತ್ತಾ ಹೋದರು. ಹಾಗೆ ನೋಡುವುದು ಒಳ್ಳೆಯ ವಿಧಾನ ಅಂತ ನನಗೂ ಅನ್ನಿಸಿತು. ಏನಾದರೂ ಒಂದನ್ನು ಹಿಡಿದುಕೊಂಡು ಶತಮಾನದಿಂದ ಶತಮಾನಕ್ಕೆ ಹೋಗಬಹುದು.

ಅದೇ ಕೋಣೆಯಲ್ಲಿ ಜೆಂಟಿಲೆ ಬೆಲ್ಲಿನಿಯ ಎರಡು ದೊಡ್ಡ ಚಿತ್ರಗಳಿವೆ. 1496ರದ್ದು ಸಂತ ಮಾರ್ಕನ ಚೌಕದ ಮೆರವಣಿಗೆ. ಏಳು ಮೀಟರಿಗಿಂತ ಉದ್ದ. ಇದನ್ನು ನೋಡಿಕೊಂಡು ಚೌಕಕ್ಕೆ ಹೋದರೆ ಏನೇನು ಬದಲಾಗಿದೆ ಅಂತ ಬೆರಳು ಮಾಡಿ ತೋರಿಸಬಹುದು. ಚಿತ್ರದಲ್ಲಿ ನೆಲಕ್ಕೆ ಕೆಂಪು ಇಟ್ಟಿಗೆ, ಈಗಿನದು 18ನೇ ಶತಮಾನದಲ್ಲಿ ಹಾಸಿದ ಬೂದು ಕಲ್ಲು, ಅದರ ನಡುವೆ ಬಿಳಿ ಪಟ್ಟಿ. ಗಡಿಯಾರ ಗೋಪುರ ಆಗಿನ್ನೂ ಎದ್ದಿರಲಿಲ್ಲ. ಚೌಕದ ದೊಡ್ಡ ಚರ್ಚು ಬಸಿಲಿಕಾದ ಬಾಗಿಲುಗಳ ಮೇಲೆ ಬೆಲ್ಲಿನಿ ಬಿಡಿಸಿದ ಹಳೆಯ ಮೊಸಾಯಿಕ್‌ಗಳಲ್ಲಿ ಈಗ ಉಳಿದಿರುವುದು ಒಂದೇ, ತೀರಾ ಎಡಗಡೆ ಬಾಗಿಲಿನದು. ಉಳಿದವನ್ನು ಆಮೇಲಿನವರು ಬದಲಿಸಿದರು. ಆ 13ನೇ ಶತಮಾನದ ಮೊಸಾಯಿಕ್‌ನಲ್ಲಿ ಇದೇ ಬಸಿಲಿಕಾ ಇದೆ, ಮೇಲೆ ನಿಲ್ಲಿಸಿದ ನಾಲ್ಕು ಕುದುರೆ ಪ್ರತಿಮೆಗಳ ಸಮೇತ. ಅದನ್ನು ಹೊರಗೆ ನಿಂತೇ ನೋಡಬಹುದು, ಟಿಕೆಟ್ ಬೇಡ. ಮೇಲೆ ಈಗ ನಿಂತಿರುವ ಕುದುರೆಗಳು ನಕಲು, ಅಸಲಿ ಒಳಗಿನ ಮ್ಯೂಸಿಯಂನಲ್ಲಿವೆ. ಕ್ಯಾಂಪನಿಲೆ ಅನ್ನುವ ಗಂಟೆ ಗೋಪುರವೂ ಬೆಲ್ಲಿನಿ ಕಂಡದ್ದಲ್ಲ. ಅದು 1902ರ ಜುಲೈ 14ರಂದು ಕುಸಿದು ಬಿತ್ತು, 1912ರಲ್ಲಿ ಅದೇ ಜಾಗದಲ್ಲಿ ಅದೇ ಥರ ಕಟ್ಟಿ ಮುಗಿಸಿದರು. ಬೆಲ್ಲಿನಿ ಕೂಡ ಇದ್ದದ್ದು ಇದ್ದ ಹಾಗೆ ಬಿಡಿಸಲಿಲ್ಲ ಅನ್ನುವುದು ಗೊತ್ತಿರಲಿ. ಪಕ್ಕದ ಅರಮನೆ ಕಾಣಲಿ ಅಂತ ಗೋಪುರವನ್ನು ಬಲಕ್ಕೆ ಸರಿಸಿದ್ದಾನೆ.

ಇನ್ನೊಂದು 1500ರದ್ದು. ಸಾನ್ ಲೊರೆಂಜೊ ಸೇತುವೆಯಿಂದ ಶಿಲುಬೆ ನೀರಿಗೆ ಬಿದ್ದಿದೆ. ಸಂಘದವರು ನಿಲುವಂಗಿ ಸಮೇತ ಧುಮುಕಿ ಈಜುತ್ತಿದ್ದಾರೆ, ದಡದಲ್ಲಿ ಸೈಪ್ರಸ್ಸಿನ ರಾಣಿಯಾಗಿದ್ದ ಕಾತೆರೀನಾ ಕೊರ್ನಾರೊ ಸಖಿಯರ ಸಾಲಿನ ಜೊತೆ ನಿಂತಿದ್ದಾಳೆ. ಸಾನ್ ಲೊರೆಂಜೊ ಸೇತುವೆ ಕಸ್ತೆಲ್ಲೊ ಭಾಗದಲ್ಲಿ ಈಗಲೂ ಇದೆ. ಚೌಕದಿಂದ ನಡೆದರೆ ಹತ್ತು ಹದಿನೈದು ನಿಮಿಷ, ಜನ ಬಹಳ ಕಡಿಮೆ. ಅಲ್ಲಿಂದ ಸ್ವಲ್ಪ ಮುಂದೆ ಸಾನ್ ಜೊರ್ಜೊ ದೆಲಿ ಸ್ಕಿಯಾವೊನಿ ಅನ್ನುವ ಪುಟ್ಟ ಸಭಾಂಗಣ ಇದೆ. ಕಾರ್ಪಾಚೊ ಅದಕ್ಕೆಂದೇ ಮಾಡಿದ ಚಿತ್ರಸಾಲು ಅದೇ ಕಟ್ಟಡದಲ್ಲಿ ಉಳಿದುಕೊಂಡಿದೆ. ಬಿಡುವಿದ್ದರೆ ಹೋಗಿ.

ಮಾರನೇ ದಿನ ಚೌಕದ ಮ್ಯೂಸಿಯಂಗಳು. ದೋಜೆಯ (ಹಳೆಯ ವೆನಿಸ್ ಗಣರಾಜ್ಯದ ಮುಖ್ಯಸ್ಥನ) ಅರಮನೆ, ಕೊರ್ರೆರ್ ಮ್ಯೂಸಿಯಂ, ಮಾರ್ಚಾನಾ ಗ್ರಂಥಾಲಯದ ಹಳೆಯ ಸಭಾಂಗಣ ಎಲ್ಲಕ್ಕೂ ಸೇರಿ ಒಂದೇ ಟಿಕೆಟ್. ಬಹಳ ಮುಂಚೆ ಆನ್‌ಲೈನ್‌ನಲ್ಲಿ ತೆಗೆದರೆ ದರ ಸ್ವಲ್ಪ ಇಳಿಯುತ್ತದೆ. ಅರಮನೆಯಲ್ಲಿ ಕಾರ್ಪಾಚೊ 1516ರಲ್ಲಿ ಬಿಡಿಸಿದ ರೆಕ್ಕೆಯ ಸಿಂಹದ ಕಾಲುಗಳನ್ನು ನೋಡಿ: ಮುಂಗಾಲು ನೆಲದ ಮೇಲೆ, ಹಿಂಗಾಲು ನೀರಿನ ಮೇಲೆ. ಎರಡರ ಮೇಲೂ ನಮ್ಮದೇ ಆಳ್ವಿಕೆ ಅಂತ ಊರಿನವರು ಹೇಳಿಕೊಂಡಿದ್ದು ಹೀಗೆ. ಅರಮನೆ ಮುಗಿಸಿ ಸುಸ್ತಾದವರು ಕೊರ್ರೆರ್‌ಗೆ ಹೋಗುವುದೇ ಇಲ್ಲ. ಹೋಗಿ, ದಯವಿಟ್ಟು ಹೋಗಿ. ಯಾಕೊಪೊ ದೆ ಬಾರ್ಬಾರಿ 1500ರಲ್ಲಿ ಇಡೀ ಊರನ್ನು ಹಕ್ಕಿಯ ಕಣ್ಣಿನಲ್ಲಿ ಕಂಡ ಹಾಗೆ ಮಾಡಿದ ಮರದಚ್ಚಿನ ಚಿತ್ರ, ಅದನ್ನು ಮುದ್ರಿಸಿದ ಆರು ಮರದ ಹಲಗೆಗಳು ಈ ಮ್ಯೂಸಿಯಂನವೇ. ವಿಮಾನ, ಬಲೂನು ಯಾವುದೂ ಇಲ್ಲದ ಕಾಲ! ಗೋಪುರ ಗೋಪುರ ಹತ್ತಿ ಅಳೆದು ಜೋಡಿಸಿರಬೇಕು. ಬೀದಿ ಬೀದಿ, ಅಂಗಳ ಅಂಗಳ ಎಲ್ಲ ಇದೆ, ನೀವು ಉಳಿದ ಹೋಟೆಲಿನ ಓಣಿಯನ್ನೂ ಹುಡುಕಬಹುದು. ಹಾಗೇ ಫ್ರಾ ಮಾವ್ರೊ 1450ರ ಸುಮಾರಿಗೆ ಮಾಡಿದ ಜಗತ್ತಿನ ನಕ್ಷೆಯನ್ನೂ ಕೇಳಿ ನೋಡಿ, ಅದು ಮಾರ್ಚಾನಾ ಗ್ರಂಥಾಲಯದ್ದು. 1420ರ ಸುಮಾರಿಗೆ ನಮ್ಮ ವಿಜಯನಗರಕ್ಕೆ ಬಂದಿದ್ದ ನಿಕೊಲೊ ಕೊಂಟಿ ಹತ್ತಿರದ ಕಿಯೋಜ್ಜಾ ಊರಿನವನು. ಅವನು ತಂದ ಸುದ್ದಿ ಈ ನಕ್ಷೆಯೊಳಗೆ ಸೇರಿದೆ ಅಂತ ಇತಿಹಾಸಕಾರರು ಹೇಳುತ್ತಾರೆ. ಶಾಲೆಯಲ್ಲಿ ಓದಿದ ಹೆಸರು ಅಲ್ಲಿ ನೆನಪಾದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ಪೇಂಟರ್ ಕನಲೆಟ್ಟೊ ವಿಷಯ ಮೊದಲೇ ತಿಳಿದುಕೊಂಡು ಹೋಗಿ. ವೆನಿಸ್ ಅಂದರೆ ಎಲ್ಲರ ಕಣ್ಣ ಮುಂದೆ ಬರುವ ನೀಲಿ ಆಕಾಶ, ಅಚ್ಚುಕಟ್ಟಾದ ಅರಮನೆ, ಕಾಲುವೆ ತುಂಬಾ ದೋಣಿ, ಇದೆಲ್ಲ ಅವನದು. ಅವನ ಕಾಲ 1697ರಿಂದ 1768. ಆದರೆ ವೆನಿಸ್‌ನಲ್ಲಿ ಅವನ ಚಿತ್ರ ಬೆರಳೆಣಿಕೆಯಷ್ಟೂ ಸಿಗುವುದು ಕಷ್ಟ. ಕೊಂಡವರೆಲ್ಲ ಊರು ನೋಡಲು ಬಂದ ಇಂಗ್ಲಿಷ್ ಶ್ರೀಮಂತರು. ಮಧ್ಯವರ್ತಿ ಜೋಸೆಫ್ ಸ್ಮಿತ್ ಅನ್ನುವವನು ತನ್ನ ಸಂಗ್ರಹವನ್ನೇ 1762ರಲ್ಲಿ ರಾಜ ಮೂರನೇ ಜಾರ್ಜ್‌ಗೆ ಮಾರಿದ. ಊರಿನಲ್ಲಿ ಕನಲೆಟ್ಟೊನನ್ನು ನೋಡಬೇಕಾದರೆ ಕಾ ರೆಜ್ಜೊನಿಕೊ ಅನ್ನುವ ಮ್ಯೂಸಿಯಂಗೆ ಹೋಗಿ. ಮಂಗಳವಾರ ರಜಾ. ಅಲ್ಲಿ ಎರಡು ದೊಡ್ಡ ಚಿತ್ರಗಳಿವೆ, ಅವನು ಇನ್ನೂ ಚಿಕ್ಕವನಿದ್ದಾಗಿನವು. ಅದರಲ್ಲಿ ರಿಯೊ ದೆಯಿ ಮೆಂದಿಕಾಂತಿ ಕಾಲುವೆಯದು ನನಗೆ ತುಂಬಾ ಇಷ್ಟ. ಥಳಕು ಇಲ್ಲ, ನೀಲಿ ಇಲ್ಲ. ಒಂದು ದಡದಲ್ಲಿ ದೋಣಿ ರಿಪೇರಿಯ ಅಂಗಳ, ಸುಣ್ಣ ಉದುರಿದ ಗೋಡೆಗಳು, ಕಿಟಕಿಗಳಿಂದ ಹೊರಕ್ಕೆ ಚಾಚಿದ ಗಳಗಳ ಮೇಲೆ ಬಟ್ಟೆ. ಎದುರು ದಡದಲ್ಲಿ ಭಿಕ್ಷುಕರ ಆಸ್ಪತ್ರೆ. ಆ ಜಾಗ ಈಗಲೂ ಆಸ್ಪತ್ರೆಯೇ! ಊರಿನ ಸರ್ಕಾರಿ ಆಸ್ಪತ್ರೆ ಅಲ್ಲೇ ಇದೆ, ಆಂಬುಲೆನ್ಸ್ ದೋಣಿಗಳು ಅದೇ ಕಾಲುವೆಯಲ್ಲಿ ಓಡಾಡುತ್ತವೆ. ನಮ್ಮ ಅತ್ತೆಗೆ ಮಂಡಿ ನೋವು. "ಅತ್ತೆ, ಇನ್ನೂ ಎರಡು ಸೇತುವೆ ಇದೆ, ಬೇಡ ಅಂದ್ರೆ ವಾಪಸ್ ಹೋಗೋಣ" ಅಂದೆ. "ನಡಿಯಮ್ಮ, ಆ ಬಟ್ಟೆ ಒಣಗಾಕಿದ ಜಾಗ ನೋಡದೇ ನಾನು ಬರಲ್ಲ" ಅಂದರು. ವಯಸ್ಸಾದವರ ಜೊತೆ ಹೋಗುವವರು ದೋಣಿಯಲ್ಲಿ ಓಸ್ಪೆದಾಲೆ ಸ್ಟಾಪಿಗೆ ಬಂದರೆ ನಡಿಗೆ ಬಹಳ ಕಡಿಮೆ.

ಅಲ್ಲೇ ಕಾ ರೆಜ್ಜೊನಿಕೊದಲ್ಲಿ ಇನ್ನೆರಡು ಬಿಡಬೇಡಿ. ಪಿಯೆತ್ರೊ ಲೊಂಗಿ 1751ರಲ್ಲಿ ಬಿಡಿಸಿದ ಘೇಂಡಾಮೃಗ ಒಂದು. ಅದರ ಹೆಸರು ಕ್ಲಾರಾ, ಭಾರತದಲ್ಲಿ ಹುಟ್ಟಿದ್ದು. ಮರಿಯಾಗಿದ್ದಾಗಲೇ ಡಚ್ ಹಡಗಿನ ಕಪ್ತಾನ ಒಯ್ದು ಯುರೋಪಿನ ಊರೂರಿನಲ್ಲಿ ತೋರಿಸುತ್ತಿದ್ದ. ಕಾರ್ನಿವಾಲ್ ಹೊತ್ತಿಗೆ ವೆನಿಸ್‌ಗೂ ಬಂತು. ಮುಖವಾಡ ಹಾಕಿದ ಜನ ಮೇಲೆ ನಿಂತಿದ್ದಾರೆ, ಅದು ಹುಲ್ಲು ಮೇಯುತ್ತಿದೆ, ಕಾಯುವವನ ಕೈಯಲ್ಲಿ ಅದರ ಕೊಂಬು. ನೋಡಿದರೆ ಹೊಟ್ಟೆ ಉರಿಯುತ್ತದೆ. ಇನ್ನೊಂದು ಜಾನ್‌ದೊಮೆನಿಕೊ ತಿಯೆಪೊಲೊ ತನ್ನ ಮನೆಯ ಗೋಡೆಗೇ ಬಿಡಿಸಿಕೊಂಡಿದ್ದ ಚಿತ್ರ. ಆಟ ತೋರಿಸುವವನ ಪೆಟ್ಟಿಗೆಯೊಳಗೆ ಇಣುಕಲು ನುಗ್ಗಿರುವ ಜನ, ಎಲ್ಲರ ಬೆನ್ನೇ ನಮಗೆ.

ಕನಲೆಟ್ಟೊ ಚಿತ್ರಗಳಿಂದ ಒಂದು ದೊಡ್ಡ ಉಪಕಾರ ಆಗಿದೆ. ಅರಮನೆಗಳ ಬುಡದಲ್ಲಿ ನೀರು ಏರಿ ಇಳಿಯುವ ಮಟ್ಟಕ್ಕೆ ಹಸಿರು ಪಾಚಿ ಕಟ್ಟಿರುತ್ತದೆ, ಅವನು ಆ ಗೆರೆಯನ್ನೂ ನಿಷ್ಠೆಯಿಂದ ಬಿಡಿಸಿದ್ದಾನೆ. ಇಟಲಿಯ ವಿಜ್ಞಾನಿ ದಾರಿಯೊ ಕಾಮುಫೊ ಮತ್ತು ಜೊತೆಗಾರರು ಅವನ ಮತ್ತು ಅವನ ಸೋದರಳಿಯ ಬೆಲ್ಲೊತ್ತೊನ ಚಿತ್ರಗಳಲ್ಲಿನ ಪಾಚಿ ಗೆರೆಯನ್ನು ಇವತ್ತಿನ ಗೋಡೆಗಳ ಗೆರೆಗೆ ಹೋಲಿಸಿ ನೋಡಿದರು. 18ನೇ ಶತಮಾನದಿಂದ ಈಚೆಗೆ ಊರು ಸುಮಾರು 60 ಸೆಂಟಿಮೀಟರ್ ನೀರೊಳಗೆ ಹೋಗಿದೆ ಅಂತ ಲೆಕ್ಕ ಸಿಕ್ಕಿತು. ನೆಲ ಕುಸಿದದ್ದೂ ಸಮುದ್ರ ಏರಿದ್ದೂ ಸೇರಿ ಹೀಗಾಗಿದೆ. ದೋಣಿಯಲ್ಲಿ ಹೋಗುವಾಗ ಹಳೆಯ ಮನೆಗಳ ನೀರಿನ ಬಾಗಿಲು ನೋಡಿ. ಕೆಳಗಿನ ಮೆಟ್ಟಿಲುಗಳು ಪಾಚಿಯೊಳಗೆ ಮುಳುಗಿವೆ. ಫೋಟೊ ಆಸೆಗೆ ಆ ಹಸಿರು ಮೆಟ್ಟಿಲ ಮೇಲೆ ಕಾಲಿಡಬೇಡಿ, ಜಾರಿದರೆ ಸೀದಾ ಕಾಲುವೆಗೆ.

ಕನಲೆಟ್ಟೊ ಕಲ್ಲು ಬಿಡಿಸಿದರೆ ಅದೇ ಶತಮಾನದ ಇನ್ನೊಬ್ಬ ಪೇಂಟರ್ ಗ್ವಾರ್ದಿ ಬಿಡಿಸಿದ್ದು ಗಾಳಿ. ಗೆರೆ ನಡುಗುತ್ತದೆ, ಜನ ಎರಡು ಚುಕ್ಕೆ, ಆಕಾಶ ಬೂದಿ. 1789ರಲ್ಲಿ ಸಾನ್ ಮಾರ್ಕುವೊಲಾದ ಎಣ್ಣೆ ಗೋದಾಮಿಗೆ ಬೆಂಕಿ ಬಿತ್ತು, ಎಣ್ಣೆ ಉರಿಯುತ್ತಲೇ ನೀರಿನ ಮೇಲೆ ಹರಡಿತು. ಎಪ್ಪತ್ತೇಳು ವಯಸ್ಸಿನ ಗ್ವಾರ್ದಿ ಅದನ್ನು ಬಿಡಿಸಿದ. ಅಕಾಡೆಮಿಯಾದಲ್ಲಿದೆ, ಚಿಕ್ಕ ಚಿತ್ರ, ಕೇಳಿ ನೋಡಿ. ಸಾನ್ ಮಾರ್ಕುವೊಲಾ ಈಗ ನಂಬರ್ 1 ದೋಣಿಯ ಒಂದು ಸ್ಟಾಪು. ಬೆಂಕಿ ಬಿದ್ದ ಎಂಟು ವರ್ಷಕ್ಕೆ ವೆನಿಸ್ ಗಣರಾಜ್ಯವೇ ನೆಪೋಲಿಯನ್ ಕೈಗೆ ಬಿತ್ತು.

ಆಮೇಲೆ ಬಂದವರೆಲ್ಲ ಹೊರಗಿನವರು, ಅವರ ಚಿತ್ರಗಳೂ ಬಹುಪಾಲು ಹೊರಗೇ ಇವೆ. ಇವರ ವಿಷಯದಲ್ಲಿ ಫೋನಿನಲ್ಲಿ ಚಿತ್ರ ಇಟ್ಟುಕೊಂಡು ಜಾಗಕ್ಕೆ ಹೋಗುವುದೇ ದಾರಿ. ಇಂಗ್ಲೆಂಡಿನ ಟರ್ನರ್ 1819, 1833, 1840ರಲ್ಲಿ ಬಂದ, ಮೂರೂ ಸಲ ಸೇರಿಸಿದರೂ ಕೆಲವೇ ವಾರ. ಕೊನೆ ಸಲ ಉಳಿದದ್ದು ದೊಡ್ಡ ಕಾಲುವೆಯ ಬಾಯಿಯ ಹತ್ತಿರ, ಚೌಕದ ಕಡೆಯ ದಡದಲ್ಲಿ. ಸಾನ್ ಮಾರ್ಕೊ ವಲ್ಲಾರೆಸ್ಸೊ ಸ್ಟಾಪಿನಲ್ಲಿ ಬೆಳಿಗ್ಗೆ ಆರೂವರೆಗೆ ನಿಂತು ನೋಡಿ, ಎದುರಿನ ಸುಂಕದ ಕಟ್ಟೆ, ಸಲೂತೆ ಚರ್ಚು ಎಲ್ಲ ಮಂಜಿನಲ್ಲಿ ಕರಗಿದ ಹಾಗೆ ಇರುತ್ತವೆ. ಅವನು ಬಣ್ಣ ಕಲಸಿಬಿಟ್ಟಿದ್ದಾನೆ ಅಂತ ಬೈದವರಿದ್ದಾರೆ. ಆ ಹೊತ್ತಿಗೆ ಅಲ್ಲಿ ನಿಂತರೆ ಅವನು ಕಂಡದ್ದನ್ನೇ ಬಿಡಿಸಿದ್ದಾನೆ ಅಂತ ಗೊತ್ತಾಗುತ್ತದೆ. ಅಮೆರಿಕದ ವಿಸ್ಲರ್ 1879ರಲ್ಲಿ ಮೂರು ತಿಂಗಳಿಗೆ ಅಂತ ಬಂದು ವರ್ಷ ದಾಟಿಸಿದ. ಅವನಿಗೆ ದೊಡ್ಡ ಅರಮನೆ ಬೇಡ, ಹಿಂದಿನ ಓಣಿ, ಕತ್ತಲೆ ಬಾಗಿಲು ಬೇಕು. ತಾಮ್ರದ ತಗಡಿನ ಮೇಲೆ ಎದುರಿಗೆ ಕಂಡದ್ದನ್ನು ಸೀದಾ ಗೀರಿದ್ದರಿಂದ ಅಚ್ಚಿನಲ್ಲಿ ಎಡ ಬಲವಾಗಿದೆ. ಅವನ ಜಾಗ ಹುಡುಕುವಾಗ ಫೋನಿನಲ್ಲಿ ಚಿತ್ರ ತಿರುಗಿಸಿಕೊಳ್ಳಿ.

ಫ್ರಾನ್ಸಿನ ಮೊನೆ ಬಂದದ್ದು 1908ರಲ್ಲಿ, ಹೆಂಡತಿ ಆಲಿಸ್ ಜೊತೆ, ಅಕ್ಟೋಬರಿನಿಂದ ಡಿಸೆಂಬರ್. 37 ಕ್ಯಾನ್ವಾಸ್. ಹೊತ್ತಿಗೆ ತಕ್ಕ ಹಾಗೆ ಜಾಗ ಬದಲಿಸುತ್ತಾ, ಅದೇ ಜಾಗಕ್ಕೆ ಅದೇ ಗಂಟೆಗೆ ಮತ್ತೆ ಮತ್ತೆ ಹೋಗುತ್ತಿದ್ದ. ಆಲಿಸ್ 1911ರಲ್ಲಿ ತೀರಿಕೊಂಡಳು, ಅವನು ಚಿತ್ರಗಳನ್ನು ಮನೆಯಲ್ಲಿ ಮುಗಿಸಿ 1912ರಲ್ಲಿ ಪ್ಯಾರಿಸ್‌ನಲ್ಲಿ ತೋರಿಸಿದ. ಕಾರ್ಪಾಚೊನ ಕಾಲುವೆಯಲ್ಲಿ ಕಿಕ್ಕಿರಿದಿದ್ದ ಜನ ಮೊನೆಯ ಕಾಲುವೆಯಲ್ಲಿ ಹೆಚ್ಚು ಕಡಿಮೆ ಇಲ್ಲವೇ ಇಲ್ಲ. ಬರೀ ಗೋಡೆ, ನೀರು, ಬೆಳಕು. ನಿಮ್ಮ ದಿನವನ್ನೂ ಅವನ ಥರವೇ ಹಾಕಿಕೊಳ್ಳಿ. ಬೆಳಿಗ್ಗೆ ನಂಬರ್ 2 ದೋಣಿಯಲ್ಲಿ ಸಾನ್ ಜೊರ್ಜೊ ದ್ವೀಪಕ್ಕೆ ಹೋಗಿ, ಅಲ್ಲಿಂದ ಅರಮನೆ ಎದುರಿಗೇ ಬಿಸಿಲಿನಲ್ಲಿ ಕಾಣುತ್ತದೆ. ಅಲ್ಲಿನ ಚರ್ಚಿನ ಗೋಪುರಕ್ಕೆ ಲಿಫ್ಟ್ ಇದೆ, ಮಂಡಿ ನೋವಿನವರಿಗೆ ಇದಕ್ಕಿಂತ ಒಳ್ಳೆಯ ಜಾಗ ಊರಿನಲ್ಲಿಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಈಚೆ ದಡದ ರೀವಾ ದೆಲಿ ಸ್ಕಿಯಾವೊನಿಯಲ್ಲಿ ಇರಿ. ಚಳಿಗಾಲದ ಹತ್ತಿರ ಹೋದರೆ ಆ ಕಿತ್ತಳೆ ನೇರಳೆ ನಿಜವಾಗಿಯೂ ಸಿಗುತ್ತದೆ. ಆ ತಿಂಗಳುಗಳಲ್ಲಿ ನೀರು ಏರುವ ದಿನಗಳೂ ಇರುತ್ತವೆ. 2020ರ ಅಕ್ಟೋಬರಿನಿಂದ ಸಮುದ್ರಕ್ಕೆ ಅಡ್ಡ ಎದ್ದು ನಿಲ್ಲುವ ತಡೆಗೋಡೆ ಕೆಲಸ ಮಾಡುತ್ತಿರುವುದರಿಂದ 2019ರ ನವೆಂಬರಿನಂಥ 187 ಸೆಂಟಿಮೀಟರ್ ಮಟ್ಟಕ್ಕೆ ನೀರು ಏರುವ ಹೆದರಿಕೆ ಈಗ ಕಡಿಮೆ.

ಊಟದ ವಿಷಯ. ಇದು ಮೀನಿನ ಊರು, ಸಸ್ಯಾಹಾರಿಗಳು "ಸೆನ್ಸಾ ಕಾರ್ನೆ, ಸೆನ್ಸಾ ಪೆಶೆ" ಅಂತ ಹೇಳಲು ಕಲಿಯಿರಿ, ಮಾಂಸ ಬೇಡ ಮೀನು ಬೇಡ ಅಂತ. ಟೊಮೆಟೊ ಪಾಸ್ತಾ, ಪಿಜ್ಜಾ ಎಲ್ಲೆಲ್ಲೂ ಇದೆ. ಕಾಫಿ ನಿಂತು ಕುಡಿದರೆ ಅಗ್ಗ, ಚೌಕದಲ್ಲಿ ಕೂತರೆ ಜೇಬಿಗೆ ಕತ್ತರಿ. ಚೌಕದ ಮೆಟ್ಟಿಲ ಮೇಲೆ ಕೂತು ಬುತ್ತಿ ಬಿಚ್ಚಬೇಡಿ, ದಂಡ ಹಾಕುತ್ತಾರೆ. ಬೀದಿ ನಲ್ಲಿಯ ನೀರು ಧಾರಾಳವಾಗಿ ಕುಡಿಯಬಹುದು. ಗೊಂಡೊಲಾ ಹಗಲು ಅರ್ಧ ಗಂಟೆಗೆ 90 ಯೂರೊ, ತಲೆಗೆ ಅಲ್ಲ, ದೋಣಿಗೆ. ಅಷ್ಟು ಬೇಡ ಅಂದರೆ ರಿಯಾಲ್ಟೊ ಮೀನು ಮಾರ್ಕೆಟ್ ಹತ್ತಿರ ಟ್ರಗೆತ್ತೊ ಅನ್ನುವ ಕಡವಿನ ಗೊಂಡೊಲಾ ಇದೆ. ಎರಡು ಯೂರೊಗೆ ಆಚೆ ದಡಕ್ಕೆ ಬಿಡುತ್ತಾರೆ, ಕಾರ್ಪಾಚೊ ಬಿಡಿಸಿದ ನೀರಿನ ಮೇಲೇ.

ವೆನಿಸ್‌ನಲ್ಲಿ ಇಲ್ಲದ ಚಿತ್ರಗಳಿಗೂ ದಾರಿ ಇದೆ. ಮಿಲಾನ್ ಮೇಲೆ ವಾಪಸಾಗುವವರು ಪೊಲ್ದಿ ಪೆತ್ಸೊಲಿ ಮ್ಯೂಸಿಯಂನಲ್ಲಿ ಗ್ವಾರ್ದಿ ಬಿಡಿಸಿದ, ವೆನಿಸ್ ಸುತ್ತಲಿನ ಬೂದು ಹಿನ್ನೀರಿನ ಚಿತ್ರ ನೋಡಿ. ಲಂಡನ್‌ನಲ್ಲಿ ನೆಂಟರಿರುವವರಿಗೆ ನ್ಯಾಷನಲ್ ಗ್ಯಾಲರಿಯಲ್ಲಿ ಕನಲೆಟ್ಟೊ, ಟೇಟ್ ಬ್ರಿಟನ್‌ನಲ್ಲಿ ಟರ್ನರ್, ಎರಡೂ ಕಡೆ ಟಿಕೆಟ್ ಇಲ್ಲ, ಆದರೆ ವೀಸಾ ಬೇರೆ ಬೇಕು. ಟೇಟ್‌ನಲ್ಲಿರುವ ಟರ್ನರ್‌ನ 1833ರ ವೆನಿಸ್ ಚಿತ್ರದ ಎಡ ಮೂಲೆಯಲ್ಲಿ ಕನಲೆಟ್ಟೊನೇ ನಿಂತು ಚಿತ್ರ ಬಿಡಿಸುತ್ತಿದ್ದಾನೆ, ಕಣ್ಣಿಟ್ಟು ಹುಡುಕಿ. ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರಿಗೆ ಇನ್ನೊಂದು ಕೆಲಸ. ಕೊರ್ರೆರ್‌ನಲ್ಲಿ ಕಾರ್ಪಾಚೊನ ಇಬ್ಬರು ಹೆಂಗಸರ ಚಿತ್ರ ಇದೆ, ಮಾಳಿಗೆಯಲ್ಲಿ ಬೇಜಾರಿನಿಂದ ಕೂತಿದ್ದಾರೆ, ಕಟಾಂಜನದ ಮೇಲಿನ ಕುಂಡದಲ್ಲಿ ಹೂವಿಲ್ಲದ ಬರೀ ದಂಟು. ಯಾರೋ ಹಲಗೆಯನ್ನು ಅಡ್ಡಕ್ಕೆ ಕೊಯ್ದಿದ್ದರಿಂದ ಹೀಗಾಯಿತು. ಮೇಲಿನ ಅರ್ಧ ಲಾಸ್ ಏಂಜಲೀಸ್‌ನ ಗೆಟ್ಟಿಯಲ್ಲಿದೆ. ಗಂಡಸರು ದೋಣಿಯಲ್ಲಿ ಹಕ್ಕಿ ಬೇಟೆಗೆ ಹೋಗಿದ್ದಾರೆ, ಕೆಳಗೆ ಆ ದಂಟಿನ ಲಿಲ್ಲಿ ಹೂವು ಎದ್ದು ನಿಂತಿದೆ. ಗೆಟ್ಟಿಗೆ ಟಿಕೆಟ್ ದುಡ್ಡಿಲ್ಲ, ಸಮಯ ಬುಕ್ ಮಾಡಬೇಕು, ಕಾರು ನಿಲ್ಲಿಸುವುದಕ್ಕೆ ಮಾತ್ರ ದುಡ್ಡು. ಗೆಟ್ಟಿಯಲ್ಲಿರುವ ಹಲಗೆಯ ಹಿಂಬದಿಯಲ್ಲೂ ಪಟ್ಟಿಗೆ ಸಿಕ್ಕಿಸಿದ ಕಾಗದಪತ್ರಗಳ ಚಿತ್ರ ಇದೆ.